ಮಾಸ್ತಿ ಕಥೆಗಳಲ್ಲಿ ಕೇಳುವವರು

ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅಂದ ಕೂಡಲೇ ಕಥೆ ಹೇಳುವ ಕಲೆಯ ಮಾತು ಬರುತ್ತದೆ. ಬರಲೇಬೇಕು. ಆದರೆ ಅವರನ್ನು ಮತ್ತೆ ಮತ್ತೆ ಓದುತ್ತಾ ಹೋದ ಹಾಗೆ ನನಗೆ ಜಾಸ್ತಿ ಹಿಡಿಸಿದ್ದು ಅವರ ಕಥೆಗಳ ಒಳಗೆ ಕೂತು ಕಥೆ ಕೇಳುವ ಜನ. ಗಮನಿಸಿ ನೋಡಿ. ಯಾರೋ ಒಬ್ಬರು ಬರುತ್ತಾರೆ, ಜಗಲಿಯಲ್ಲೋ ಹಜಾರದಲ್ಲೋ ಕೂರುತ್ತಾರೆ, ಊರ ಸುದ್ದಿ ಮನೆ ಸುದ್ದಿ ಎಲ್ಲ ಆದ ಮೇಲೆ ನಿಧಾನವಾಗಿ ತಮ್ಮ ಎದೆಯಲ್ಲಿದ್ದದ್ದನ್ನು ತೆಗೆಯುತ್ತಾರೆ, ಎದುರಿಗಿದ್ದವರು ಹೂಂ ಅನ್ನುತ್ತಾ ಕೇಳುತ್ತಾರೆ. ಅಲ್ಲಲ್ಲಿ ಒಂದು ಪ್ರಶ್ನೆ. ಅಷ್ಟೇ. 'ಗೌತಮಿ ಹೇಳಿದ ಕಥೆ', 'ಜೋಗ್ಯೋರ ಅಂಜಪ್ಪನ ಕೋಳಿ ಕಥೆ' ಅಂತ ಹೆಸರಲ್ಲೇ ಹೇಳುವವರನ್ನು ಮುಂದೆ ಕೂರಿಸುವ ಲೇಖಕ ಅವರು. ತಾವು ಹಿಂದೆ ಸರಿಯುತ್ತಾರೆ.

ಇದನ್ನು ಹಳೆಯ ಕಾಲದ ಕಥೆ ಹೇಳುವ ರೀತಿ ಅಂತ ತಳ್ಳಿಹಾಕುವುದು ಸುಲಭ. ನನಗೆ ಹಾಗೆ ಅನಿಸುವುದಿಲ್ಲ. ಒಬ್ಬರ ಬದುಕನ್ನು ಇನ್ನೊಬ್ಬರು ತೀರ್ಪು ಕೊಡದೆ ಪೂರ್ತಿ ಕೇಳಿಸಿಕೊಳ್ಳುವುದು ಎಷ್ಟು ಕಷ್ಟ ಅನ್ನುವುದು ನಮಗೆಲ್ಲ ಗೊತ್ತು. ಮಾಸ್ತಿ ಆ ಕಷ್ಟದ ಕೆಲಸವನ್ನೇ ತಮ್ಮ ಕಥೆಗಳ ಅಡಿಪಾಯ ಮಾಡಿಕೊಂಡರು.

ಬದುಕಿನ ವಿವರಗಳನ್ನು ಬೇಗ ಹೇಳಿಬಿಡುತ್ತೇನೆ. ಹುಟ್ಟಿದ್ದು 1891ರ ಜೂನ್ 6ರಂದು, ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ. ಹೆಸರಿನ ಜೊತೆ ಅಂಟಿಕೊಂಡ ಮಾಸ್ತಿ ಅದೇ ತಾಲ್ಲೂಕಿನ ಊರು. ಮನೆಮಾತು ತಮಿಳು. ತಂದೆ ಬೇಗ ತೀರಿಕೊಂಡರು, ಬಡತನದಲ್ಲೇ ಓದು ನಡೆಯಿತು. ಮದರಾಸಿನಲ್ಲಿ ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಮುಗಿಸಿದ್ದು 1914ರಲ್ಲಿ. ಆಮೇಲೆ ಮೈಸೂರು ಸಂಸ್ಥಾನದ ಸಿವಿಲ್ ಸರ್ವಿಸ್ ಸೇರಿ ಅಸಿಸ್ಟೆಂಟ್ ಕಮಿಷನರ್ ಆದರು, ಡೆಪ್ಯುಟಿ ಕಮಿಷನರ್ ದರ್ಜೆಯನ್ನೂ ಮುಟ್ಟಿದರು. ಬರೆದದ್ದು 'ಶ್ರೀನಿವಾಸ' ಅನ್ನುವ ಹೆಸರಿನಲ್ಲಿ. ಮನೆಯಲ್ಲಿ ತಮಿಳು, ಕಾಲೇಜಿನಲ್ಲಿ ಇಂಗ್ಲಿಷ್, ಬರೆಯಲು ಕೂತರೆ ಕನ್ನಡ. ಆಗಿನ ಕಾಲಕ್ಕೆ ಇಂಗ್ಲಿಷಿನಲ್ಲಿ ಎಂ.ಎ. ಮಾಡಿದವರು ಕನ್ನಡದಲ್ಲಿ ಬರೆಯುವುದು ದೊಡ್ಡಸ್ತಿಕೆಯ ಕೆಲಸವೇನೂ ಆಗಿರಲಿಲ್ಲ ಅನ್ನುವುದನ್ನು ನೆನಪಿಡಬೇಕು.

ಆ ನೌಕರಿಯ ಬಗ್ಗೆ ಸ್ವಲ್ಪ ನಿಲ್ಲಬೇಕು. ರೆವಿನ್ಯೂ ಇಲಾಖೆಯ ಅಧಿಕಾರಿ ಅಂದರೆ ಆಗ ಊರೂರು ಸುತ್ತಬೇಕಾದವರು. ಹಳ್ಳಿಯಲ್ಲಿ ಬಿಡಾರ ಹೂಡಬೇಕು, ಶಾನುಭೋಗರು, ಪಟೇಲರು, ರೈತರು, ಜಗಳವಾಡಿಕೊಂಡ ಅಣ್ಣತಮ್ಮಂದಿರು, ಎಲ್ಲರ ಮಾತನ್ನೂ ಕೇಳಬೇಕು. ಒಂದೇ ಹೊಲದ ಬಗ್ಗೆ ಎರಡು ಕಥೆ, ಎರಡೂ ನಿಜದಂತೆ ಕೇಳುವ ಕಥೆ. ಹೇಳುವವರು ಎಲ್ಲಿ ಕೂಡಿಸಿ ಹೇಳುತ್ತಿದ್ದಾರೆ, ಎಲ್ಲಿ ನುಂಗಿಕೊಳ್ಳುತ್ತಿದ್ದಾರೆ ಅನ್ನುವುದು ಕಿವಿಗೆ ತಿಳಿಯಬೇಕು. ಇಂಥ ಕೆಲಸದಲ್ಲಿ ಸುಮಾರು ಮೂವತ್ತು ವರ್ಷ ಕಳೆದವರ ಕಿವಿ ಹೇಗೆ ಪಳಗಿರಬೇಡ! ಅವರ ಕಥೆಗಳಲ್ಲಿ ಮಾತು ಅಷ್ಟು ನಿಜವಾಗಿ ಕೇಳಿಸುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ಗಟ್ಟಿ ನಂಬಿಕೆ. ಹಾಗಂತ ಅಧಿಕಾರಿಯಾದವರೆಲ್ಲ ಕಥೆಗಾರರಾಗುವುದಿಲ್ಲ. ಫೈಲು ಮುಚ್ಚಿದ ಮೇಲೂ ಆ ಮನುಷ್ಯ ಮನಸ್ಸಿನಲ್ಲಿ ಉಳಿಯಬೇಕು.

ಅವರನ್ನು ಕನ್ನಡ ಸಣ್ಣಕಥೆಯ ಜನಕ ಅನ್ನುತ್ತಾರೆ. ಈ ಬಿರುದಿನ ಬಗ್ಗೆ ನನಗೆ ಸ್ವಲ್ಪ ತಕರಾರಿದೆ. ಮಾಸ್ತಿಗಿಂತ ಮೊದಲೇ ಮಂಗಳೂರಿನ ಕಡೆ ಪಂಜೆ ಮಂಗೇಶರಾಯರು ಬರೆದಿದ್ದರು, ಉತ್ತರದ ಕಡೆ ಕೆರೂರು ವಾಸುದೇವಾಚಾರ್ಯರು ಬರೆದಿದ್ದರು. ಅವರನ್ನು ಮರೆತು ಕಿರೀಟ ಒಬ್ಬರ ತಲೆಗೇ ಇಡುವುದು ಸರಿಯಲ್ಲ. ಆದರೆ 1920ರಲ್ಲಿ 'ಕೆಲವು ಸಣ್ಣ ಕತೆಗಳು' ಪುಸ್ತಕವಾಗಿ ಬಂದಾಗ ಒಂದು ದೊಡ್ಡ ಬದಲಾವಣೆ ಆಯಿತು ಅನ್ನುವುದೂ ಅಷ್ಟೇ ನಿಜ. ಸಣ್ಣಕಥೆ ಅನ್ನುವುದು ಪತ್ರಿಕೆಯ ಪುಟ ತುಂಬಿಸುವ ಸರಕಾಗಿ ಉಳಿಯಲಿಲ್ಲ. ಒಬ್ಬ ಬರಹಗಾರ ಜೀವಮಾನವಿಡೀ ಅದನ್ನೇ ಹಿಡಿದು ಕೂರಬಹುದಾದ ಪ್ರಕಾರ ಅದು ಅಂತ ಮಾಸ್ತಿ ಕೂತು ತೋರಿಸಿದರು. ನೂರರ ಆಸುಪಾಸು ಕಥೆಗಳು. 1968ರಲ್ಲಿ, 77ನೇ ವಯಸ್ಸಿನಲ್ಲಿ, ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದದ್ದೂ ಸಣ್ಣಕಥೆಗಳಿಗೇ.

'ರಂಗನ ಮದುವೆ' ಅವರ ಮೊದಮೊದಲ ಕಥೆ, 1910ರ ಸುಮಾರಿನದು. ಶಾಲೆಯ ಪಠ್ಯದಲ್ಲಿ ಓದಿದವರು ತುಂಬ ಜನ ಇದ್ದೀರಿ, ಇಂಗ್ಲಿಷ್ ಪಠ್ಯಪುಸ್ತಕದ ಮೂಲಕವೂ ಅದು ದೇಶದ ಎಲ್ಲ ಕಡೆಯ ಮಕ್ಕಳಿಗೆ ತಲುಪಿದೆ. ಹೇಳುವವನು ಶ್ಯಾಮ. ಊರು ಹೊಸಹಳ್ಳಿ. ಶುರುವಿನಲ್ಲೇ ಅವನು ಊರಿನ ಹೊಗಳಿಕೆಗೆ ಇಳಿಯುತ್ತಾನೆ. ಕರಿಗಡುಬಿಗೆ ಹೂರಣ ಹೇಗೋ ಮೈಸೂರು ಸೀಮೆಗೆ ಹೊಸಹಳ್ಳಿ ಹಾಗೆ ಅನ್ನುವ ಧಾಟಿ. ಭೂಗೋಳದ ಪುಸ್ತಕದಲ್ಲಿ ಹೆಸರಿಲ್ಲದ ಊರನ್ನು ಒಬ್ಬ ಮನುಷ್ಯ ಇಷ್ಟು ಪ್ರೀತಿಯಿಂದ ಎತ್ತಿ ಹಿಡಿದರೆ ನಾವು ಆಗಲೇ ಅವನ ಪಕ್ಕ ಚಾಪೆ ಹಾಕಿಕೊಂಡು ಕೂತಿರುತ್ತೇವೆ. ಊರಿನ ಕರಣಿಕರ ಮಗ ರಂಗ ಬೆಂಗಳೂರಿಗೆ ಓದಲು ಹೋಗಿ ಬಂದಿದ್ದಾನೆ. ಜನ ಅವನನ್ನು ನೋಡಲು ಮುಗಿಬೀಳುತ್ತಾರೆ. ಒಬ್ಬ ಮುದುಕಿ ಎದೆ ಸವರಿ ಜನಿವಾರ ಇನ್ನೂ ಇದೆಯಾ ಅಂತ ನೋಡಿ ಸಮಾಧಾನ ಪಟ್ಟುಕೊಳ್ಳುತ್ತಾಳೆ. ಇಂಗ್ಲಿಷ್ ವಿದ್ಯೆ ಹಳ್ಳಿಗೆ ಕಾಲಿಟ್ಟ ಹೊತ್ತಿನ ಭಯ, ಕುತೂಹಲ, ಹೆಮ್ಮೆ ಮೂರೂ ಆ ಒಂದು ಕೈಯಲ್ಲಿವೆ. ಸಮಾಜಶಾಸ್ತ್ರದವರು ಇದನ್ನು ಹೇಳಲು ಹತ್ತು ಪುಟ ತೆಗೆದುಕೊಳ್ಳುತ್ತಾರೆ.

ರಂಗನಿಗೆ ಹೊಸ ವಿಚಾರ. ವಯಸ್ಸಿಗೆ ಬಂದ, ತಾನು ಮೆಚ್ಚಿದ ಹುಡುಗಿಯನ್ನೇ ಮದುವೆಯಾಗಬೇಕು, ಇಲ್ಲದಿದ್ದರೆ ಬೇಡ. ಶ್ಯಾಮನಿಗೆ ಇದು ಸರಿಬರುವುದಿಲ್ಲ. ರಾಮರಾಯರ ಮನೆಗೆ ಬಂದಿರುವ, ತಂದೆ ತಾಯಿ ಇಲ್ಲದ, ಚೆನ್ನಾಗಿ ಹಾಡುವ ರತ್ನ ಅನ್ನುವ ಹುಡುಗಿಯನ್ನು ಅವನ ಕಣ್ಣಿಗೆ ಬೀಳಿಸುತ್ತಾನೆ, ಆಮೇಲೆ ಅವಳಿಗೆ ಮದುವೆಯಾಗಿದೆ ಅಂತ ಸುಳ್ಳು ಹೇಳಿ ಹುಡುಗನ ಮನಸ್ಸು ಕುದಿಸುತ್ತಾನೆ, ಶಾಸ್ತ್ರಿಗಳ ಜೊತೆ ಒಳಸಂಚು ಮಾಡಿ ಗ್ರಹಗತಿಯ ನಾಟಕ ಆಡಿಸುತ್ತಾನೆ, ಕೊನೆಗೆ ಮದುವೆ ಮಾಡಿಸಿಬಿಡುತ್ತಾನೆ. ಕಥೆ ನಗುನಗುತ್ತಾ ಮುಗಿಯುತ್ತದೆ, ಹುಟ್ಟಿದ ಮಗುವಿಗೆ ಶ್ಯಾಮನ ಹೆಸರು.

ರತ್ನಳಿಗೆ ಆಗ ಹನ್ನೊಂದು ವರ್ಷ.

ಇವತ್ತು ಓದುವಾಗ ಇಲ್ಲಿ ಗಂಟಲು ಕಟ್ಟುತ್ತದೆ, ಕಟ್ಟಬೇಕು ಕೂಡ. ಆ ಕಾಲದ ಮೈಸೂರು ಸಂಸ್ಥಾನದಲ್ಲಿ ಬಾಲ್ಯವಿವಾಹ ತಡೆಯಲು 1894ರಲ್ಲೇ ಒಂದು ಕಾನೂನು ಬಂದಿತ್ತು. ಬ್ರಿಟಿಷ್ ಇಂಡಿಯಾದ ಶಾರದಾ ಕಾಯ್ದೆ ಬಂದದ್ದು 1929ರಲ್ಲಿ, ಅಷ್ಟರ ಮಟ್ಟಿಗೆ ಮೈಸೂರು ಮುಂದಿತ್ತು. ಆದರೆ 1894ರ ಕಾನೂನು ತಡೆದದ್ದು ಎಂಟು ವರ್ಷಕ್ಕಿಂತ ಚಿಕ್ಕ ಹೆಣ್ಣುಮಕ್ಕಳ ಮದುವೆಯನ್ನು, ಮತ್ತು ಐವತ್ತು ದಾಟಿದ ಗಂಡಸರು ಹದಿನಾಲ್ಕು ತುಂಬದ ಹುಡುಗಿಯರನ್ನು ಕಟ್ಟಿಕೊಳ್ಳುವುದನ್ನು. ಹನ್ನೊಂದರ ರತ್ನ ಆ ಕಾನೂನಿನ ಕಣ್ಣಿಗೆ ಬೀಳುವವಳೇ ಅಲ್ಲ. ಅಂದರೆ ಕಥೆಯಲ್ಲಿ ಯಾರೂ ತಪ್ಪು ಮಾಡಿದ್ದೇವೆ ಅಂದುಕೊಂಡಿಲ್ಲ, ಸುತ್ತಲಿನ ಲೋಕವೂ ಹಾಗೆ ಅಂದುಕೊಂಡಿರಲಿಲ್ಲ. ರಂಗನೊಬ್ಬ ಅಂದುಕೊಂಡಿದ್ದ! ಹೊಸ ಓದು ಅವನಿಗೆ ಕೊಟ್ಟ ಒಳ್ಳೆಯ ವಿಚಾರವನ್ನು ಊರು ಸೇರಿಕೊಂಡು, ತುಂಬ ಪ್ರೀತಿಯಿಂದ, ಕರಗಿಸಿಬಿಡುತ್ತದೆ. ಇಪ್ಪತ್ತರ ಆಸುಪಾಸಿನ ಮಾಸ್ತಿ ಇದನ್ನು ಬೇಕೆಂದೇ ಹೀಗೆ ಬರೆದರಾ ಅಂತ ಕೇಳಿದರೆ ನಾನು ಹೌದು ಅನ್ನುವುದಿಲ್ಲ. ಕಥೆಯ ಒಲವು ಶ್ಯಾಮನ ಕಡೆಗೇ ಇದೆ. ಆದರೆ ಕಥೆ ಪ್ರಾಮಾಣಿಕವಾಗಿದೆ. ರಂಗನ ಮಾತನ್ನು ಅದು ಮುಚ್ಚಿಟ್ಟಿಲ್ಲ, ಶ್ಯಾಮನ ಸುಳ್ಳನ್ನೂ ಮುಚ್ಚಿಟ್ಟಿಲ್ಲ. ಆದ್ದರಿಂದಲೇ ನೂರು ವರ್ಷದ ನಂತರ ನಾವು ರಂಗನ ಪರವಾಗಿ ನಿಂತು ಅದನ್ನು ಓದಲು ಆಗುತ್ತದೆ. ಪಾಠ ಮಾಡುವ ಮೇಷ್ಟರುಗಳು ಈ ಭಾಗವನ್ನು ಸುಮ್ನೆ ದಾಟಿಸದೆ ಮಕ್ಕಳ ಜೊತೆ ಮಾತಾಡಲಿ ಅನ್ನುವುದು ನನ್ನ ಆಸೆ.

'ಮೊಸರಿನ ಮಂಗಮ್ಮ'ನ ಲೋಕವೇ ಬೇರೆ. ಇದು ನನಗೆ ಅವರ ಎಲ್ಲ ಕಥೆಗಳಿಗಿಂತ ಹತ್ತಿರವಾದದ್ದು. ಬೆಂಗಳೂರಿನ ಪಕ್ಕದ ಹಳ್ಳಿಯಿಂದ ಮೊಸರು ಹೊತ್ತು ಬರುವ ಮಂಗಮ್ಮ, ದಿನವೂ ಮೊಸರು ಕೊಳ್ಳುವ ವರ್ತನೆಯ ಮನೆಯ ಗೃಹಿಣಿಯ ಹತ್ತಿರ ಕೂತು ಮಾತಾಡುತ್ತಾಳೆ. ಕೇಳುವವಳು ಹೆಂಗಸು ಅನ್ನುವುದನ್ನು ಗಮನಿಸಬೇಕು. ಬರೆಯುತ್ತಿರುವವರು ಸರ್ಕಾರದ ದೊಡ್ಡ ಅಧಿಕಾರಿ, ಗಂಡಸು. ಆದರೆ ಮಂಗಮ್ಮ ತನ್ನ ಗಂಡ ಬೇರೊಬ್ಬಳ ಹಿಂದೆ ಹೋದದ್ದನ್ನು, ಸೊಸೆ ನಂಜಮ್ಮನ ಜೊತೆಗಿನ ಜಗಳವನ್ನು, ಒಂಟಿತನವನ್ನು ಒಬ್ಬ ಗಂಡಸಿನ ಎದುರು ಹೇಳಿಕೊಳ್ಳುವುದಿಲ್ಲ. ಅದು ಮಾಸ್ತಿಗೆ ಗೊತ್ತು. ಹಾಗಾಗಿ ಅವರು ಆ ಜಾಗದಿಂದ ಎದ್ದು ಅಲ್ಲಿ ಒಬ್ಬ ಹೆಂಗಸನ್ನು ಕೂರಿಸುತ್ತಾರೆ.

ಮೊಮ್ಮಗನಿಗೆ ಸೊಸೆ ಹೊಡೆದದ್ದಕ್ಕೆ ಅತ್ತೆ ಸೊಸೆಗೆ ಮಾತು ಬೆಳೆದು ಮನೆ ಎರಡಾಗುತ್ತದೆ. ಮಂಗಮ್ಮ ಬೇರೆ ಒಲೆ ಹೂಡುತ್ತಾಳೆ. ಇಷ್ಟು ದಿನ ಮನೆಗೆ ಅಂತ ಕೂಡಿಟ್ಟ ಹಣ ಈಗ ಯಾರಿಗೆ? ಒಂದು ಮಕಮಲ್ಲಿನ ರವಿಕೆ ಹೊಲಿಸಿಕೊಳ್ಳುತ್ತಾಳೆ. ಎಂಥ ವಿವರ ಇದು! ಜೀವನವೆಲ್ಲ ಬೇರೆಯವರಿಗಾಗಿ ಉಳಿಸಿದ ಹೆಂಗಸು ಒಮ್ಮೆ ತನಗಾಗಿ ಖರ್ಚು ಮಾಡಿದರೆ ಅದು ಹೇಗಿರುತ್ತದೆ ಅನ್ನುವುದಕ್ಕೆ ಆ ರವಿಕೆ ಸಾಕು. ಊರು ಆಡಿಕೊಳ್ಳುತ್ತದೆ. ಸೊಸೆ ಆಡಿಕೊಳ್ಳುತ್ತಾಳೆ. ರಂಗಪ್ಪ ಅನ್ನುವ ಒಬ್ಬ ಸಾಲ ಕೇಳುವ ನೆಪದಲ್ಲಿ ಹತ್ತಿರ ಸುಳಿಯುತ್ತಾನೆ. ಮಂಗಮ್ಮ ಇದನ್ನೂ ಬಚ್ಚಿಡದೆ ಹೇಳುತ್ತಾಳೆ, ಕೇಳುವವಳು ಮುಖ ಸಿಂಡರಿಸುವುದಿಲ್ಲ. ಮುಖ ಸಿಂಡರಿಸಿದ್ದರೆ ಕಥೆ ಅಲ್ಲಿಗೇ ನಿಲ್ಲುತ್ತಿತ್ತು. ಆಮೇಲೆ ಮೊಮ್ಮಗ ಅಜ್ಜಿಯ ಹತ್ತಿರವೇ ಇರುತ್ತೇನೆ ಅಂತ ಬಂದುಬಿಡುತ್ತಾನೆ, ಅತ್ತೆ ಸೊಸೆ ಮತ್ತೆ ಒಂದಾಗುತ್ತಾರೆ, ಮೊಸರಿನ ವ್ಯಾಪಾರಕ್ಕೆ ನಂಜಮ್ಮ ಬರಲು ಶುರು ಮಾಡುತ್ತಾಳೆ. ಆಗ ನಂಜಮ್ಮನ ಕಡೆಯ ಕಥೆಯೂ ಕೇಳಿಸುತ್ತದೆ. ಅತ್ತೆಯ ಹಣ ಎಲ್ಲಿ ರಂಗಪ್ಪನ ಪಾಲಾಗುತ್ತದೋ ಅನ್ನುವ ಭಯ ಅವಳಿಗಿತ್ತು, ಮಗು ಅಜ್ಜಿಯ ಮನೆಗೆ ಹೋದದ್ದು ಪೂರ್ತಿ ತಾನಾಗೇ ಏನಲ್ಲ. ಇಷ್ಟು ಹೊತ್ತು ಮಂಗಮ್ಮನ ಪರವಾಗಿದ್ದ ನಾವು ತಟ್ಟನೆ ಇನ್ನೊಂದು ಬಾಗಿಲಿನಿಂದ ಅದೇ ಮನೆಯನ್ನು ನೋಡುತ್ತೇವೆ. ಯಾರೂ ಕೆಟ್ಟವರಲ್ಲ. ಮಗ ಯಾರ ಕೈಯಲ್ಲಿರಬೇಕು, ಮನೆಯ ಯಜಮಾನಿಕೆ ಯಾರದು ಅನ್ನುವ ಜಗಳದಲ್ಲಿ ಇಬ್ಬರಿಗೂ ಅವರವರ ನ್ಯಾಯ ಇದೆ. ಎರಡು ಹೇಳಿಕೆ ಪಡೆಯದೆ ಪ್ರಕರಣ ಮುಗಿಸದ ಆ ಹಳೆಯ ರೆವಿನ್ಯೂ ಅಧಿಕಾರಿ ಇಲ್ಲಿ ನನಗೆ ಸ್ಪಷ್ಟವಾಗಿ ಕಾಣುತ್ತಾರೆ.

ನವ್ಯದ ಕಾಲದಲ್ಲಿ, ಅಂದರೆ ಮುಂದಿನ ತಲೆಮಾರಿನ ಹೊಸ ಸಾಹಿತ್ಯ ಚಳವಳಿಯ ಕಾಲದಲ್ಲಿ, ಮಾಸ್ತಿಯ ಮೇಲೆ ಒಂದು ಆರೋಪ ಜೋರಾಗಿತ್ತು, ಇವತ್ತಿಗೂ ಕೇಳಿಬರುತ್ತದೆ. ಅವರು ತೀರಾ ಸಮಾಧಾನಿ, ಲೋಕ ಇದ್ದ ಹಾಗೇ ಚೆನ್ನಾಗಿದೆ ಅನ್ನುವವರು, ಕಥೆಯಲ್ಲಿ ನೋವು ಬಂದರೂ ಕೊನೆಗೆ ಎಲ್ಲ ತಣ್ಣಗಾಗುತ್ತದೆ, ಹರಿದದ್ದೆಲ್ಲ ಹೊಲಿದುಕೊಳ್ಳುತ್ತದೆ ಅಂತ. ಇದರಲ್ಲಿ ಸ್ವಲ್ಪ ಹುರುಳಿದೆ. ಜಾತಿಯ ಕ್ರೌರ್ಯ, ಹಸಿವು, ಅಧಿಕಾರದ ಕೆಟ್ಟ ಮುಖ, ಇವನ್ನು ಮುಂದಿನ ತಲೆಮಾರು ಬರೆದ ಬಿಸಿಯಲ್ಲಿ ಮಾಸ್ತಿ ಬರೆಯಲಿಲ್ಲ. ಅವರ ಕೆಲವು ಕಥೆಗಳಲ್ಲಿ ಒಳ್ಳೆಯತನ ತುಂಬ ಸಲೀಸಾಗಿ ಗೆಲ್ಲುತ್ತದೆ, ಅವನ್ನು ನಾನು ಎರಡನೇ ಸಲ ಓದುವುದಿಲ್ಲ.

ಆದರೆ 'ವೆಂಕಟಿಗನ ಹೆಂಡತಿ' ಓದಿ. ವೆಂಕಟಿಗ ಬಡವ, ದುಡಿದು ತಿನ್ನುವವನು. ಹೆಂಡತಿ ಉಳ್ಳವನೊಬ್ಬನ ಕಡೆ ಸೆಳೆತಕ್ಕೆ ಬಿದ್ದು ಗಂಡನನ್ನು ಬಿಟ್ಟು ಹೋಗುತ್ತಾಳೆ. ಒಂದು ದಿನ ವಾಪಸ್ ಬರುತ್ತಾಳೆ, ಜೊತೆಗೆ ಅವನದಲ್ಲದ ಮಗು. ವೆಂಕಟಿಗ ಅವಳನ್ನೂ ಮಗುವನ್ನೂ ಒಳಗೆ ಕರೆದುಕೊಳ್ಳುತ್ತಾನೆ. ಅವನಿಗೆ ಅದು ತ್ಯಾಗ ಅಂತಲೂ ಅನಿಸಿಲ್ಲ, ದೊಡ್ಡತನ ಅಂತಲೂ ಅನಿಸಿಲ್ಲ. ನೂರು ವರ್ಷದ ಹಿಂದಿನ ಓದುಗರ ಎದುರು, ಶೀಲದ ಮಾತು ಬಂದರೆ ಕಥೆಗಳಲ್ಲಿ ಹೆಣ್ಣನ್ನು ಬಾವಿಗೆ ತಳ್ಳಿ ಮುಗಿಸುವುದೇ ರೂಢಿಯಾಗಿದ್ದ ಕಾಲದಲ್ಲಿ, ಇದನ್ನು ದನಿ ಏರಿಸದೆ ಬರೆದವರನ್ನು ಸಮಾಧಾನಿ ಅಂತ ಪಕ್ಕಕ್ಕಿಡುವುದಾ? ನನಗೆ ಇದು ಸಿಟ್ಟು ತರಿಸುತ್ತದೆ. ಕಟುವಾಗಿ ಬರೆದರೆ ಮಾತ್ರ ಧೈರ್ಯ ಅಂತ ನಾವು ಯಾವಾಗ ತೀರ್ಮಾನ ಮಾಡಿಕೊಂಡೆವೋ. ಸುತ್ತಲಿನವರ ನೀತಿಗಿಂತ ವೆಂಕಟಿಗನ ಪ್ರೀತಿ ದೊಡ್ಡದು ಅನ್ನುವುದನ್ನು ಕಥೆ ವಾದ ಮಾಡಿ ಹೇಳುವುದಿಲ್ಲ, ಅವನನ್ನು ನಮ್ಮ ಮುಂದೆ ನಿಲ್ಲಿಸುತ್ತದೆ. ಒಪ್ಪುವುದು ಬಿಡುವುದು ನಮ್ಮ ಪಾಡು.

ಅವರ ಸ್ವಂತ ಬದುಕೂ ಬರೀ ಸಮಾಧಾನದ್ದೇನಲ್ಲ. ಮಹಾರಾಜರಿಂದ 'ರಾಜಸೇವಾಸಕ್ತ' ಅನ್ನುವ ಬಿರುದು ಬಂದದ್ದು 1942ರಲ್ಲಿ. ಮರುವರ್ಷವೇ, 1943ರಲ್ಲಿ, ತಮಗೆ ಬರಬೇಕಾಗಿದ್ದ ಹುದ್ದೆ ತಮಗಿಂತ ಕಿರಿಯರಿಗೆ ಹೋಯಿತು ಅಂತ ರಾಜೀನಾಮೆ ಕೊಟ್ಟು ಹೊರಬಂದರು. ಐವತ್ತು ದಾಟಿದ, ಹೆಣ್ಣುಮಕ್ಕಳ ದೊಡ್ಡ ಸಂಸಾರದ ಮನುಷ್ಯ, ಸಂಸ್ಥಾನದ ಅಂಥ ನೌಕರಿಯನ್ನು ಸ್ವಾಭಿಮಾನಕ್ಕೆ ಬಿಡುವುದು ಹುಡುಗಾಟವಲ್ಲ. ಕನ್ನಡಕ್ಕೆ ಅದು ಲಾಭವೇ ಆಯಿತು ಅನ್ನಿ. 1944ರಿಂದ 1965ರವರೆಗೆ 'ಜೀವನ' ಮಾಸಪತ್ರಿಕೆಯನ್ನು ನಡೆಸಿದರು. ಸಾಹಿತ್ಯ ಪತ್ರಿಕೆಯೊಂದನ್ನು ಎರಡು ದಶಕ ಹೊತ್ತು ನಡೆಯುವುದು ಎಂಥ ಕೆಲಸ ಅಂತ ಮಾಡಿದವರಿಗೆ ಗೊತ್ತು. ಕೊಡಗಿನ ಕೊನೆಯ ಅರಸನ ಕಥೆ 'ಚಿಕವೀರ ರಾಜೇಂದ್ರ' 1956ರಲ್ಲಿ ಬಂತು. ಒಬ್ಬ ಅರಸ ತನ್ನನ್ನು ತಾನೇ ಹಾಳು ಮಾಡಿಕೊಳ್ಳುವುದನ್ನು, ಜೊತೆಗೆ ಒಂದು ನಾಡು 1834ರಲ್ಲಿ ಇಂಗ್ಲಿಷರ ಕೈಗೆ ಜಾರುವುದನ್ನು ಅಷ್ಟು ನಿಧಾನವಾಗಿ ಬರೆದವರು ಕೆಡುಕನ್ನು ಕಾಣದ ಲೇಖಕರಂತೂ ಅಲ್ಲ. ಜ್ಞಾನಪೀಠ ಬಂದದ್ದು 1983ರ ಸಾಲಿನಲ್ಲಿ. ಕುವೆಂಪು, ಬೇಂದ್ರೆ, ಕಾರಂತರ ನಂತರ ಕನ್ನಡಕ್ಕೆ ನಾಲ್ಕನೆಯದು. ಮಾಸ್ತಿ ಆಗ ತೊಂಬತ್ತು ದಾಟಿದ್ದರು. ಆ ಮೂವರಿಗಿಂತಲೂ ಹಿರಿಯರು ಅವರು, ಬೇಂದ್ರೆಯವರೇ ಮಾಸ್ತಿಯನ್ನು ಅಣ್ಣ ಅನ್ನುತ್ತಿದ್ದರು. ತೀರಿಕೊಂಡದ್ದು 1986ರ ಜೂನ್ 6ರಂದು, ಹುಟ್ಟಿದ ದಿನವೇ, 95 ತುಂಬಿದಾಗ.

ಅವರು ದೂರದ ದೊಡ್ಡವರ ಬಗ್ಗೆ ಬರೆದ ಕಥೆಗಳೂ ಇವೆ. ಜರ್ಮನ್ ಕವಿ ಗಯಟೆಯ ಮೇಲೆ 'ಕವಿಯ ಕೊನೆಯ ದಿನ', ಟಾಲ್‌ಸ್ಟಾಯ್ ಮೇಲೆ 'ಟಾಲ್‌ಸ್ಟಾಯ್ ಮಹರ್ಷಿಯ ಭೂರ್ಜವೃಕ್ಷಗಳು'. ಇವನ್ನು ತುಂಬ ಹೊಗಳುವವರಿದ್ದಾರೆ. ನನಗೆ ಇವುಗಳ ಮೇಲೆ ಗೌರವ ಇದೆ, ಮಂಗಮ್ಮನ ಮೇಲಿರುವ ಪ್ರೀತಿ ಇಲ್ಲ. ಮಹಾತ್ಮರ ಎದುರು ಮಾಸ್ತಿ ಸ್ವಲ್ಪ ಕೈಕಟ್ಟಿ ನಿಲ್ಲುತ್ತಾರೆ. ಮೊಸರಿನವಳ ಎದುರು ಕಾಲು ಚಾಚಿ ಕೂರುತ್ತಾರೆ, ಕಥೆ ಅಲ್ಲಿ ಉಸಿರಾಡುತ್ತದೆ.

ಇನ್ನು ಅವರ ಕನ್ನಡ. ಅಲಂಕಾರ ಇಲ್ಲ. ಉಪಮೆ ಬಂದರೂ ಅದು ಹೇಳುವವರ ಬಾಯಿಂದ ಬರುತ್ತದೆ. ರತ್ನಳಿಗೆ ಮದುವೆಯಾಗಿದೆ ಅಂತ ಕೇಳಿದ ರಂಗನ ಮುಖ ಸುಟ್ಟ ಬದನೆಕಾಯಿಯಂತಾಯಿತು ಅನ್ನುವುದು ಶ್ಯಾಮನಿಗೇ ಹೊಳೆಯಬೇಕಾದ ಮಾತು. ವಾಕ್ಯಗಳು ನಡೆದಾಡುವ ವೇಗದಲ್ಲಿ ಹೋಗುತ್ತವೆ. ಹೀಗೆ ಬರೆಯುವುದು ಸುಲಭ ಅನಿಸುತ್ತದೆ ಅಲ್ವಾ? ಒಂದು ಪುಟ ಬರೆದು ನೋಡಿ. ಮೂರನೇ ಸಾಲಿಗೆ ನಮ್ಮ ಜಾಣತನ ಇಣುಕಿಬಿಡುತ್ತದೆ, ಕೇಳುವವರು ಮಾಯವಾಗಿ ನಾವೊಬ್ಬರೇ ಮಾತಾಡುತ್ತಿರುತ್ತೇವೆ.

ಹೊಸದಾಗಿ ಓದುವವರು ಎಲ್ಲಿಂದ ಶುರು ಮಾಡಬೇಕು ಅಂತ ಕೇಳುತ್ತಾರೆ. ನನ್ನ ಮಾತು ಕೇಳುವುದಾದರೆ 'ರಂಗನ ಮದುವೆ'ಯಿಂದ ಬೇಡ, ಅದನ್ನು ಆಮೇಲೆ ಓದಿ. ಮೊದಲು 'ಮೊಸರಿನ ಮಂಗಮ್ಮ', ಮನೆಯಲ್ಲಿ ಯಾರಾದರೂ ಇದ್ದರೆ ಜೋರಾಗಿ ಓದಿ ಹೇಳಿ, ಕಥೆ ಇರುವುದೇ ಹಾಗೆ ಓದಲು. ಅತ್ತೆ ಸೊಸೆ ಇಬ್ಬರೂ ಕೂತು ಕೇಳಿದರೆ ಇನ್ನೂ ಒಳ್ಳೆಯದು. ಆಮೇಲೆ 'ವೆಂಕಟಿಗನ ಹೆಂಡತಿ'. ಅದಾದ ಮೇಲೆ ಒಂದೆರಡು ದಿನ ಬಿಡಿ. ಕೊನೆಗೆ 'ಸುಬ್ಬಣ್ಣ', 1928ರ ನೀಳ್ಗತೆ, ಅಪ್ಪನ ಜೊತೆ ಮುನಿಸಿಕೊಂಡು ಮೈಸೂರು ಬಿಟ್ಟು ಹೋಗುವ ಸಂಗೀತಗಾರನ ಬದುಕು. ಇದನ್ನು ಮಾತ್ರ ಯಾರಿಗೂ ಓದಿ ಹೇಳಲು ಹೋಗಬೇಡಿ. ರಾತ್ರಿ ಊಟ ಮುಗಿಸಿ, ಫೋನು ಪಕ್ಕದ ಕೋಣೆಯಲ್ಲಿಟ್ಟು, ಒಬ್ಬರೇ ಕೂತು ಒಂದೇ ಉಸಿರಿಗೆ ಓದಿ. ಓದಿದವರು ನನಗೂ ಬರೆದು ತಿಳಿಸಿ, ಸುಬ್ಬಣ್ಣನ ಬಗ್ಗೆ ಮಾತಾಡಲು ಜನ ಸಿಗುವುದು ಕಡಿಮೆ.